ಜಗಲಿ ಬಿಡದ ಸಂಘ

ಕರೆಂಟು ಹೋದರೆ ಸಾಕು, ನಮ್ಮ ಬೀದಿಯ ಹಿರಿಯರ ಸಂಘದ ಸಭೆ ಸೇರುತ್ತಿತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿ ಅದು. ಒಂದು ಮನೆ ಬಿಡದ ಹಾಗೆ ಎಲ್ಲ ಕಡೆ ಪವರ್‌ಲೂಮ್. ಬೆಳಗ್ಗೆ ಶುರುವಾದ ಮಗ್ಗದ ಸದ್ದಿನಲ್ಲಿ ಎದುರಿಗೆ ನಿಂತವರ ಮಾತೇ ಕೇಳುತ್ತಿರಲಿಲ್ಲ, ಇನ್ನು ಸಭೆ ನಡೆಸುವುದೆಲ್ಲಿ ಬಂತು? ಹಾಗಾಗಿ ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ, ಊರೆಲ್ಲ ಲೋಡ್ ಶೆಡ್ಡಿಂಗಿಗೆ ಶಾಪ ಹಾಕುತ್ತಿದ್ದಾಗ, ನಮ್ಮ ಬೀದಿಯ ಮುದುಕ ಮುದುಕಿಯರು ಮಾತ್ರ ಅದಕ್ಕಾಗಿಯೇ ಕಾಯುತ್ತಿದ್ದರು. ಮಗ್ಗಗಳೆಲ್ಲ ಒಟ್ಟಿಗೆ ನಿಂತು ಬೀದಿ ಗಪ್‌ಚಿಪ್ ಆದ ಕೂಡಲೇ ಒಬ್ಬೊಬ್ಬರೇ ಕೋಲೂರಿಕೊಂಡು, ಸೆರಗು ಹೊದ್ದುಕೊಂಡು ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಿದ್ದರು. ಕರೆಂಟು ಬಂತೋ, ಸಭೆ ಮುಕ್ತಾಯ. ವಂದನಾರ್ಪಣೆಗೂ ಪುರುಸೊತ್ತು ಸಿಗುತ್ತಿರಲಿಲ್ಲ.

ನಾನು ಬೂದಿಗೆರೆ ಕಡೆಯವಳು. ನಮ್ಮಪ್ಪನ ಕಾಲಕ್ಕೇ ಮಗ್ಗ ಬಿಟ್ಟು ಬೇಸಾಯ ಹಿಡಿದ ಮನೆ ನಮ್ಮದು. ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ಇಲ್ಲಿ ಎಲ್ಲರೂ ಯಾವಾಗಲೂ ಜಗಳವಾಡುತ್ತಿರುತ್ತಾರೆ ಅಂದುಕೊಂಡಿದ್ದೆ. "ಕಾಫಿ ಆಯ್ತಾ?" ಅನ್ನುವುದನ್ನೂ ಗಂಟಲು ಹರಿದುಕೊಂಡು ಕೇಳುವ ಜನ. ಜೀವಮಾನವೆಲ್ಲ ಮಗ್ಗದ ಪಕ್ಕದಲ್ಲಿ ಕಳೆದವರ ಕಿವಿ ಅರ್ಧಕ್ಕರ್ಧ ಮಂದವಾಗಿರುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ನಮ್ಮ ಅತ್ತೆಯವರ ಎಡಗಿವಿಯಂತೂ ಪೂರ್ತಿ ರಜಾ ಹಾಕಿತ್ತು. ಆದರೆ ಮಗ್ಗಗಳು ಓಡುತ್ತಿರುವಾಗ ಅವರಿಗೆ ಕಿವಿಯೇ ಬೇಕಾಗಿರಲಿಲ್ಲ. ಒಬ್ಬರ ತುಟಿ ಒಬ್ಬರು ನೋಡಿಕೊಂಡು, ದನಿಯೇ ಇಲ್ಲದೆ, ಹುಬ್ಬು ಬೆರಳು ಆಡಿಸಿಕೊಂಡು ಊರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುತ್ತಿದ್ದರು. ಈ ವಿದ್ಯೆ ನನಗೆ ಎಷ್ಟು ವರ್ಷವಾದರೂ ಹತ್ತಲಿಲ್ಲ. ನನ್ನ ಎದುರಿಗೇ ಕೂತು ನನ್ನ ಸಾರಿನ ಬಗ್ಗೆ ಏನೇನು ಮಾತಾಡಿಕೊಂಡರೋ ದೇವರೇ ಬಲ್ಲ.

ಸಂಘ ಹುಟ್ಟಿಸಿದವರು ಬೀದಿಯ ಕೊನೆಯ ಮನೆಯ ಮೇಷ್ಟ್ರು. ಪ್ರೈಮರಿ ಸ್ಕೂಲಿನಿಂದ ರಿಟೈರಾಗಿದ್ದವರು, ನೇಕಾರರಲ್ಲ. ಬೆಂಗಳೂರಿನಲ್ಲಿ ತಮ್ಮನ ಮನೆಗೆ ಹೋದಾಗ ಅಲ್ಲಿ ಪಾರ್ಕಿನಲ್ಲಿ ವಯಸ್ಸಾದವರ ಸಂಘವೊಂದನ್ನು ನೋಡಿ, ನಮಗೂ ಒಂದು ಇರಲಿ ಅಂತ ಬಂದರು. ಅರವತ್ತು ದಾಟಿರಬೇಕು, ಸಂಘದ ಕೈಯಿಂದ ಎಲೆ ಅಡಿಕೆ ತೆಗೆದುಕೊಳ್ಳಬೇಕು, ಅಷ್ಟಾದರೆ ಸದಸ್ಯರು. ನನಗೆ ಆಗ ಇದೆಲ್ಲ ಹೊತ್ತು ಹೋಗದವರ ಆಟ ಅನ್ನಿಸಿತ್ತು. ಆದರೆ ಮೊದಲನೇ ಕೆಲಸದಲ್ಲೇ ಅವರು ಗೆದ್ದುಬಿಟ್ಟರು. ವೃದ್ಧಾಪ್ಯ ವೇತನದ ಮನಿಯಾರ್ಡರು ತರುವ ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಒಳಗಿನ ಮಗ್ಗದ ಸದ್ದಿಗೆ ಯಾರಿಗೂ ಕೇಳುತ್ತಿರಲಿಲ್ಲ. ಪಾಪ, ಅವನು ಹೊರಟುಹೋಗುತ್ತಿದ್ದ, ಇವರು ಮತ್ತೊಂದು ದಿನ ಬಾಗಿಲು ಕಾಯುತ್ತಿದ್ದರು. ಸಂಘದವರು ಗುಂಪಾಗಿ ಪೋಸ್ಟಾಫೀಸಿಗೆ ಹೋಗಿ, ನಮ್ಮ ಬೀದಿಗೆ ಕರೆಂಟು ಹೋದ ಹೊತ್ತಿನಲ್ಲೇ ಬರಬೇಕು ಅಂತ ಒಪ್ಪಿಸಿಕೊಂಡು ಬಂದರು. ಆಮೇಲೆ ಬೀದಿಯ ಮೂಲೆಯಲ್ಲಿ ಬಸ್ಸು ನಿಲ್ಲುವ ಹಾಗೆ ಮಾಡಿದರು. ಅಲ್ಲಿಂದ ಅವರ ಗತ್ತೇ ಬೇರೆಯಾಯಿತು.

ಇಷ್ಟೆಲ್ಲ ನಡೆಯುತ್ತಿದ್ದದ್ದು ನಮ್ಮ ಜಗಲಿಯ ಮೇಲೆ ಅಂದೆನಲ್ಲ, ಅದಕ್ಕೂ ಕಾರಣ ಇತ್ತು. ಬೀದಿಯಲ್ಲಿ ಬೇರೆ ಜಗಲಿಯೇ ಉಳಿದಿರಲಿಲ್ಲ. ಮೊದಲು ಪ್ರತಿ ಮನೆಯ ಮುಂದೆಯೂ ಒಂದು ಕಲ್ಲಿನ ಜಗಲಿ ಇತ್ತಂತೆ. ಸೀರೆಯ ವ್ಯಾಪಾರ ಕುದುರಿದ ಹಾಗೆ ಎಲ್ಲರಿಗೂ ಇನ್ನೊಂದು ಮಗ್ಗ ಹಾಕುವ ಆಸೆ. ಹಾಕಲು ಜಾಗ ಎಲ್ಲಿ? ಜಗಲಿಯ ಮುಂದೆ ಗೋಡೆ ಎಬ್ಬಿಸಿದರೆ ಮಗ್ಗಕ್ಕೆ ಕೋಣೆ ತಯಾರು. ಹೀಗೆ ಒಂದೊಂದೇ ಜಗಲಿ ಗೋಡೆಯೊಳಗೆ ಹೋಯಿತು, ಅಲ್ಲಿ ಕೂರುತ್ತಿದ್ದ ಅಜ್ಜಿ ತಾತಂದಿರು ಎದ್ದು ಒಳಮನೆಯ ಕತ್ತಲಿಗೆ ಹೋದರು, ಇಲ್ಲವೇ ನಮ್ಮ ಜಗಲಿಗೆ ಬಂದರು. ಎದುರುಮನೆಯ ಅಜ್ಜಿ ಬೆಳಗ್ಗೆ ಮುಖ ತೊಳೆದ ತಕ್ಷಣ ಬಂದರೆ ದೀಪ ಹಚ್ಚುವ ಹೊತ್ತಿಗೇ ಏಳುತ್ತಿದ್ದದ್ದು.

ಒಂದು ಸೋಮವಾರ ಮನೆಯ ಮುಂದೆ ಇಟ್ಟಿಗೆಯ ಟ್ರ್ಯಾಕ್ಟರು ಬಂದು ನಿಂತಿತು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಯಾರ್ ಮನೇಗಪ್ಪಾ ಇದು?" ಅಂತ ಡ್ರೈವರನ್ನು ಕೂಗಿ ಕೇಳಿದರು.

"ನಿಮ್ಮನೇಗೇ ಅಜ್ಜಿ. ಜಗಲಿ ಮುಚ್ಚಿ ಗೋಡೆ ಎಬ್ಬಿಸ್ತಾರಂತಲ್ಲ, ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಮ್ಮ ಯಜಮಾನರು ಎರಡು ಹಳೆಯ ಮಗ್ಗ ಮಾತಾಡಿ ಬಂದಿದ್ದರು, ಮೇಸ್ತ್ರಿಗೆ ಶುಕ್ರವಾರ ಬಾ ಅಂದಿದ್ದರು, ಇಟ್ಟಿಗೆಗೆ ಹೇಳಿದ್ದರು. ತಾಯಿಗೆ ಹೇಳುವುದೊಂದು ಬಾಕಿ ಇತ್ತು. ಮಗ್ಗ ನನಗೂ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಮಕ್ಕಳು ಬೆಳೆಯುತ್ತಿದ್ದರು, ಇದ್ದ ಎರಡು ಮಗ್ಗದಲ್ಲಿ ಸಂಸಾರ ಎಳೆದಾಡುತ್ತಿತ್ತು. ಅತ್ತೆ ಒಳಗೆ ಬಂದು ಮಗನ ಮಗ್ಗದ ಮುಂದೆ ನಿಂತರು. ಯಜಮಾನರು ಮಗ್ಗ ನಿಲ್ಲಿಸಿದರು.

"ಹೇಳೋಣ ಅಂತಿದ್ದೆ ಕಣಮ್ಮ."

"ಯಾವಾಗ? ಗೋಡೆ ಎದ್ದ ಮೇಲಾ?"

"ನಿನಗೆ ಒಳಗೆ ಒಳ್ಳೇ ಫ್ಯಾನ್ ಹಾಕಿಸ್ಕೊಡ್ತೀನಿ ಬಿಡಮ್ಮ. ಬಿಸಿಲು ಇಲ್ಲ, ಧೂಳಿಲ್ಲ, ತಣ್ಣಗೆ ಕೂತಿರು."

"ಫ್ಯಾನಿನ ಹತ್ರ ಮಾತಾಡ್ಕೊಂಡು ಕೂತಿರ್ಲಾ?"

ಅಷ್ಟು ಹೇಳಿ ಅತ್ತೆ ಅಳಲಿಲ್ಲ, ಊಟ ಬಿಡಲಿಲ್ಲ, ಮಗಳ ಮನೆಗೆ ಹೋಗುತ್ತೇನೆಂದು ಬಟ್ಟೆ ಗಂಟು ಕಟ್ಟಲಿಲ್ಲ. ನಾನು ಇವುಗಳಲ್ಲಿ ಯಾವುದಾದರೂ ಒಂದು ನಡೆಯುತ್ತದೆ ಅಂತ ಕಾಯುತ್ತಿದ್ದೆ. ಅವರು ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ನೆಟ್ಟಗೆ ಮೇಷ್ಟ್ರ ಮನೆಗೆ ನಡೆದರು.

ಸಂಜೆ ಕರೆಂಟು ಹೋದಾಗ ತುರ್ತು ಸಭೆ. ಮೇಷ್ಟ್ರು ಎದ್ದು ನಿಂತು, ಗುಟ್ಟಿನ ವಿಷಯ ಅನ್ನುವ ಹಾಗೆ ಅತ್ತಿತ್ತ ನೋಡಿ, ಎಲ್ಲರ ಕಿವಿಗೂ ಮುಟ್ಟಬೇಕಲ್ಲ, ಗಟ್ಟಿಯಾಗಿ ಕೂಗಿದರು.

"ನಾಳೆಯಿಂದ ಧರಣಿ! ಯಾರಿಗೂ ಗೊತ್ತಾಗಬಾರ್ದು!"

ಒಳಗೆ ಊಟಕ್ಕೆ ಕೂತಿದ್ದ ನಮ್ಮ ಯಜಮಾನರ ಕೈ ತಟ್ಟೆಯಲ್ಲೇ ನಿಂತಿತು.

"ಧರಣಿ ಅಂದ್ರೆ ಏನ್ ಮಾಡ್ಬೇಕು ಮೇಷ್ಟ್ರೇ?" ಎದುರುಮನೆ ಅಜ್ಜಿಯ ದನಿ.

"ಇಲ್ಲೇ ಜಗಲಿ ಮೇಲೆ ಕೂತ್ಕೋಬೇಕು."

"ದಿನಾ ಅದನ್ನೇ ಅಲ್ವಾ ಮಾಡ್ತಿರೋದು?"

"ಇನ್ಮೇಲೆ ಏಳಬಾರ್ದು, ಅಷ್ಟೇ!"

ಮಂಗಳವಾರ ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ತುಂಬ ಜನ. ಮದುವೆ ಮನೆಗೆ ಬಂದವರ ಹಾಗೆ ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಜಗಲಿಯ ಮೇಲೆ ಬಂದು ಕೂತವರಿಗೆ ನೀರು ಬೆಲ್ಲವಾದರೂ ಕೊಡದೆ ಇರುವುದು ನಮ್ಮ ಬೀದಿಯಲ್ಲಿ ಇಲ್ಲ. ಅವರು ಬೈಯಲು ಬಂದಿದ್ದರೂ ಸರಿ. ಹಾಗಾಗಿ ನಮ್ಮ ಮನೆಯ ವಿರುದ್ಧ ನಡೆಯುವ ಧರಣಿಗೆ ನಮ್ಮ ಮನೆಯದೇ ಕಾಫಿ. ಹಾಲು ಸಾಲದೆ ಪಕ್ಕದ ಮನೆಯಲ್ಲಿ ಇಸಕೊಂಡು ಬಂದೆ. ದೊಡ್ಡ ಪಾತ್ರೆ ಇಳಿಸಲು ಕೈ ಕೊಡಿ ಅತ್ತೆ ಅಂದರೆ, ಅವರು ಕಂಬಕ್ಕೆ ಒರಗಿಕೊಂಡೇ ಕೈ ಆಡಿಸಿದರು.

"ಇವತ್ತು ನಾನು ಸಂಘದ ಕಡೆಯೋಳು ಕಣಮ್ಮ. ನಿನ್ನ ಕಡೆ ಬರಂಗಿಲ್ಲ."

ಹಾಗಂದವರು ಸುಮ್ಮನಿದ್ದರೆ? ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ "ಸಕ್ಕರೆ ಇನ್ನೊಂಚೂರು ಹಾಕು, ಮೇಷ್ಟ್ರಿಗೆ ಸಪ್ಪೆ ಆಗಲ್ಲ!" ಅಂತ ಕೂಗಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಹಾಕಿದೆ.

ಯಜಮಾನರು ಹೊರಗೆ ಹೋಗುವ ಹಾಗಿಲ್ಲ, ಒಳಗೆ ಬರುವ ಹಾಗಿಲ್ಲ. ಹೊಸ್ತಿಲು ದಾಟಿದರೆ ಇಷ್ಟು ಜನ ಹಿರಿಯರು ಒಟ್ಟಿಗೆ "ತಿಂಡಿ ಆಯ್ತೇನಪ್ಪಾ?" ಅಂತ ಪ್ರೀತಿಯಿಂದ ವಿಚಾರಿಸುತ್ತಿದ್ದರು. ಒಬ್ಬರಾದರೂ ಜಗಲಿಯ ಮಾತೆತ್ತುತ್ತಿರಲಿಲ್ಲ. ಜಗಳವಾಡಿದ್ದರೆ ಯಜಮಾನರಿಗೆ ಸುಲಭವಾಗುತ್ತಿತ್ತು. ಹಿತ್ತಲ ಬಾಗಿಲಿನಿಂದ ಓಡಾಡಲು ಶುರು ಮಾಡಿದರು.

ಬುಧವಾರ ನಡೆದದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಒಂದು ಮಗ್ಗದ ಹಾಸು, ಅಂದರೆ ಉದ್ದಕ್ಕೆ ಸುತ್ತಿದ ನೂಲು, ಮುಗಿದಿತ್ತು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಸೇರಿಸಬೇಕು, ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಸಾವಿರಾರು ಎಳೆ. ಆ ಕೆಲಸಕ್ಕೆ ಬರಬೇಕಾಗಿದ್ದ ಹೆಂಗಸು ಜ್ವರ ಅಂತ ಹೇಳಿ ಕಳಿಸಿದಳು. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಮಗ್ಗ ನಿಂತದ್ದು ಜಗಲಿಯವರಿಗೆ ಗೊತ್ತಾಗದೆ ಇರುತ್ತದೆಯೇ? ಸದ್ದು ಕಡಿಮೆಯಾದರೆ ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಎದುರುಮನೆ ಅಜ್ಜಿ ಒಳಗೆ ಇಣುಕಿದರು. ವಾಪಸ್ಸು ಹೋಗಿ ಏನೋ ಅಂದರು. ಮೂವರು ಅಜ್ಜಿಯರು ಎದ್ದು ಒಳಗೆ ಬಂದು, ಎಳೆ ಜಾರದಂತೆ ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಮಗ್ಗದ ಮುಂದೆ ಕೂತೇಬಿಟ್ಟರು. ನಮ್ಮತ್ತೆಯೂ ಅವರಲ್ಲೊಬ್ಬರು. ಕಣ್ಣು ಮಂಜಾಗಿತ್ತು, ಆದರೆ ಎಳೆ ಹೊಸೆಯಲು ಕಣ್ಣೇನೂ ಬೇಕಿರಲಿಲ್ಲ, ಬೆರಳೇ ಹುಡುಕಿಕೊಳ್ಳುತ್ತಿತ್ತು.

"ಧರಣಿ ಏನಾಯ್ತು?" ಅಂತ ನಾನು ಚುಚ್ಚಿದೆ.

"ಅದು ಹೊರಗೆ. ಮಗ್ಗ ಏನ್ ಪಾಪ ಮಾಡಿತ್ತು, ಸುಮ್ನೆ ನಿಲ್ಸೋಕೆ?" ಅಂದರು ಅತ್ತೆ, ತಲೆ ಎತ್ತದೆ.

ಸಂಜೆಯೊಳಗೆ ಮಗ್ಗ ಓಡತೊಡಗಿತು. ಮೂವರೂ ಕೈ ತೊಳೆದುಕೊಂಡು, ನಮ್ಮ ಯಜಮಾನರು "ಊಟ ಮಾಡ್ಕೊಂಡು ಹೋಗಿ ಅಜ್ಜಿ" ಅಂದದ್ದಕ್ಕೂ ಕಿವಿಗೊಡದೆ ಮತ್ತೆ ಜಗಲಿಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂತು ಧರಣಿ ಮುಂದುವರಿಸಿದರು. ಯಜಮಾನರು ಅಡಿಗೆಮನೆಗೆ ಬಂದು ನನ್ನ ಮುಖ ನೋಡಿದರು. "ಇವರನ್ನ ಏನ್ ಮಾಡೋದೇ?" ಅಂದರು.

ಗುರುವಾರ ಬೆಳಗ್ಗೆ ಮಗ್ಗಗಳು ಜೋರಾಗಿ ಓಡುತ್ತಿದ್ದಾಗ ಕಾಫಿ ತೆಗೆದುಕೊಂಡು ಹೋದೆ. ಹೆಂಗಸರೆಲ್ಲ ತಲೆಗೆ ತಲೆ ಕೊಟ್ಟು ಕೂತಿದ್ದರು. ದನಿಯಿಲ್ಲದೆ ತುಟಿಗಳು ಪಟಪಟ ಆಡುತ್ತಿದ್ದವು, ಬೆರಳುಗಳು ದಿಕ್ಕು ತೋರಿಸುತ್ತಿದ್ದವು. ಮೇಷ್ಟ್ರಿಗೆ ಈ ಭಾಷೆ ಬಾರದು, ಅವರು ಒಂದು ಮೂಲೆಯಲ್ಲಿ ಪೇಪರು ಓದುತ್ತಿದ್ದರು. ನಾನು ಮೊಮ್ಮಕ್ಕಳ ಸುದ್ದಿಯಿರಬೇಕು ಅಂದುಕೊಂಡು ಲೋಟ ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಎದುರುಮನೆ ಅಜ್ಜಿ, ಇನ್ನಿಬ್ಬರು ಅಜ್ಜಿಯರು ಎದ್ದು, "ಘಾಟಿಗೆ ಹೋಗ್ಬಿಟ್ಟು ಬರ್ತೀವಿ, ಸುಬ್ರಹ್ಮಣ್ಯನಿಗೆ ಒಂದು ಕೈ ಮುಗಿದು ಬರ್ತೀವಿ" ಅಂತ ಹೊರಟರು. ಜಗಲಿ ಅರ್ಧ ಖಾಲಿಯಾದದ್ದು ನೋಡಿ ಯಜಮಾನರಿಗೆ ಉಸಿರು ಬಂತು. ಮುಂಬಾಗಿಲಿನಿಂದಲೇ ಹೊರಗೆ ಹೋದರು. ಅತ್ತೆ ಮಾತ್ರ ಕಂಬ ಬಿಡಲಿಲ್ಲ.

ಸಂಜೆ ಬಸ್ಸಿನಿಂದ ಇಳಿದದ್ದು ನಾಲ್ಕು ಜನ. ಹೋದದ್ದು ಮೂವರು. ಜೊತೆಗೆ ಬಂದಿದ್ದ ಅಜ್ಜಿಯದು ದಪ್ಪ ಸೀರೆ, ಕೈತುಂಬ ಹಸಿರು ಬಳೆ, ಬಾಯಿತುಂಬ ಎಲೆ ಅಡಿಕೆ. "ನೆಂಟರು" ಅಂದರು ಎದುರುಮನೆ ಅಜ್ಜಿ. ಇರಬಹುದು ಅಂತ ನಾನು ಅವರಿಗೂ ಕಾಫಿ ಕೊಟ್ಟೆ. "ನಿನ್ನ ಕೈ ತಂಪಾಗಿರ್ಲಿ ಕಣವ್ವ" ಅಂತ ಆಶೀರ್ವಾದ ಮಾಡಿ ಅವರು ಎದುರುಮನೆಗೆ ಮಲಗಲು ಹೋದರು.

ಶುಕ್ರವಾರ ಬೆಳಗ್ಗೆ ಮೇಸ್ತ್ರಿ ಬಂದ. ಸೈಕಲ್ಲಿನ ಹಿಂದೆ ಸಿಮೆಂಟಿನ ಬಾಣಲಿ, ಕೈಯಲ್ಲಿ ಕರಣೆ. ನೂಲು ಹಿಡಿದು ಅಳತೆ ಮಾಡಲು ಜಗಲಿಯ ಕಡೆ ತಿರುಗಿದವನು ಹಾಗೇ ನಿಂತುಬಿಟ್ಟ. ಜಗಲಿಯ ನಟ್ಟನಡುವೆ, ನಮ್ಮತ್ತೆಯ ಪಕ್ಕದಲ್ಲಿ, ಹಸಿರು ಬಳೆಯ ಅಜ್ಜಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು.

"ಅವ್ವಾ! ನೀನ್ಯಾಕೆ ಇಲ್ಲಿ?" ಮಗ್ಗದ ಸದ್ದನ್ನೂ ಮೀರಿ ಕೂಗಿದ.

"ನಾನೂ ಸಂಘದೋಳು ಕಣ್ಲಾ. ನೆನ್ನೆ ಎಲೆ ಅಡಿಕೆ ತಗೊಂಡಿವ್ನಿ."

ಆಗಲೇ ನಮಗೆಲ್ಲ ಗೊತ್ತಾದದ್ದು. ಅಜ್ಜಿಯರು ಘಾಟಿಗೆ ಹೋಗಿದ್ದು ನಿಜ. ಆದರೆ ಅದೇ ಕಡೆ ತೂಬಗೆರೆಯಲ್ಲಿ ಇಳಿದು, ವಿಚಾರಿಸಿಕೊಂಡು ಮೇಸ್ತ್ರಿಯ ತಾಯಿಯನ್ನು ಹುಡುಕಿ, ಸಂಘಕ್ಕೆ ಸೇರಿಸಿಕೊಂಡೇ ಬಂದಿದ್ದರು. ಆಕೆ ಅಲ್ಲಿ ಹಿರಿಯ ಮಗನ ಮನೆಯಲ್ಲಿದ್ದರು. ಆ ಮಗ ಅವರು ಕೂರುವ ಜಗಲಿ ಒಡೆದು ಅಂಗಡಿ ಮಾಡಿದ್ದನಂತೆ. ಮೂರು ಮಾತು ಮುಗಿಯುವುದರೊಳಗೆ ಸೀರೆ ಬದಲಾಯಿಸಿ ಹೊರಟಿದ್ದರಂತೆ. ಮೇಷ್ಟ್ರ ಕೈಯಿಂದ ಪೇಪರು ಜಾರಿತು. ಸಂಘದ ಕಾರ್ಯದರ್ಶಿಗೇ ಸಂಘದ ತಂತ್ರ ತಿಳಿದಿರಲಿಲ್ಲ.

"ಏಳವ್ವ, ನನ್ನ ಕೂಲಿ ಕೆಲ್ಸ" ಅಂದ ಮೇಸ್ತ್ರಿ.

"ಕಟ್ಟು, ಬ್ಯಾಡ ಅಂದೋರ್ ಯಾರು? ನನ್ನ ಸುತ್ತಾನೇ ಕಟ್ಟು."

ಅವನು ಕರಣೆಯನ್ನು ಬಾಣಲಿಗೆ ಹಾಕಿದ. "ನಮ್ಮವ್ವ ಎದ್ರೆ ಕಟ್ತೀನಿ ಸಾಮಿ, ಇಲ್ದಿದ್ರೆ ನನ್ನ ಕೈಲಾಗಲ್ಲ" ಅಂತ ನಮ್ಮ ಯಜಮಾನರಿಗೆ ಕೈ ಮುಗಿದು, ಇಟ್ಟಿಗೆ ರಾಶಿಯ ಮೇಲೆ ಕೂತು ಬೀಡಿ ಹಚ್ಚಲು ಹೋಗಿ, ತಾಯಿ ನೋಡುತ್ತಿದ್ದಾಳೆಂದು ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ನಿಂತವು, ಎಲ್ಲ ಮನೆಯವರೂ ಹೊರಗೆ ಬಂದರು. ನಮ್ಮ ಯಜಮಾನರು ಎಲ್ಲರ ನಡುವೆ ನಿಂತು ಮೊದಲು ಕೆಂಪಾದರು, ಆಮೇಲೆ ಮೇಸ್ತ್ರಿಯ ಮುಖ ನೋಡಿ ಅವರಿಗೇ ನಗು ತಡೆಯಲಾಗಲಿಲ್ಲ.

"ಸರಿ ಮೇಷ್ಟ್ರೇ. ಏನ್ ಮಾಡ್ಬೇಕು ಹೇಳಿ."

"ನಮ್ಮದು ಒಂದೇ ಬೇಡಿಕೆ ಕಣಪ್ಪ" ಅಂದರು ಮೇಷ್ಟ್ರು, ಪೇಪರು ಮಡಿಸುತ್ತ. "ಅಮ್ಮನ್ನ ಕೇಳು."

ಯಜಮಾನರು ಜಗಲಿಯ ಹತ್ತಿರ ಬಂದು ಬಗ್ಗಿದರು. "ಅಮ್ಮ, ಇಲ್ಲಿ ಮಗ್ಗ ಹಾಕ್ಲಾ?"

"ಏನೂ?" ಅಂದರು ಅತ್ತೆ. ಬೇಕೆಂದೇ ಎಡಗಿವಿ ಕೊಟ್ಟಿದ್ದರು, ನಾನು ನೋಡಿದೆ.

"ಅಮ್ಮಾ! ಜಗಲಿ ಮೇಲೆ ಮಗ್ಗ ಹಾಕ್ಲಾ ಅಂತ ಕೇಳ್ತಿದೀನಿ!"

ಬೀದಿಯ ಆ ತುದಿಯವರಿಗೂ ಕೇಳಿಸಿತು. ಎಲ್ಲರೂ ಅತ್ತೆಯನ್ನೇ ನೋಡುತ್ತಿದ್ದರು. ಅವರು ಏನು ಹೇಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೇಳಿದ್ದೇ ಸಾಕು, ಹಾಕ್ಕೊಳಪ್ಪ, ನನಗೇನಾಗಬೇಕು, ನೀವು ಚೆನ್ನಾಗಿದ್ದರೆ ಸರಿ ಅನ್ನುತ್ತಾರೆ. ಎಲ್ಲ ತಾಯಂದಿರೂ ಅನ್ನುವುದು ಅದನ್ನೇ ತಾನೇ. ನಾನು ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ತಯಾರಾಗಿದ್ದೆ.

ಅತ್ತೆ ನಿಧಾನವಾಗಿ ಯೋಚನೆ ಮಾಡಿದರು. ಬಾಯಿಯ ಎಲೆ ಅಡಿಕೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿದರು.

"ಬೇಡ ಕಣಪ್ಪ" ಅಂದರು.

ಯಜಮಾನರಿಗೆ ತಬ್ಬಿಬ್ಬಾಯಿತು. "ಯಾಕಮ್ಮ? ಕೇಳಿದ್ನಲ್ಲ?"

"ನೀನು ಕೇಳ್ದೆ, ನಾನು ಹೇಳ್ದೆ. ನನಗೆ ಈ ಜಾಗ ಬೇಕು."

ಮೊದಲು ನಕ್ಕದ್ದು ತೂಬಗೆರೆಯ ಅಜ್ಜಿ, ಬಳೆ ಗಲಗಲ ಅನ್ನುವ ಹಾಗೆ. ಆಮೇಲೆ ಇಡೀ ಜಗಲಿ ನಕ್ಕಿತು, ಬೀದಿ ನಕ್ಕಿತು, ಮೇಸ್ತ್ರಿ ಇಟ್ಟಿಗೆಯ ಮೇಲೆ ಕೂತೇ ನಕ್ಕ. ನಾನೂ ನಕ್ಕೆ. ನಮ್ಮಮ್ಮ, ನಮ್ಮಜ್ಜಿ, ನಮ್ಮ ದೊಡ್ಡಮ್ಮಂದಿರು, ಯಾರ ಬಾಯಲ್ಲೂ ನಾನು "ನನಗೆ ಬೇಕು" ಅನ್ನುವ ಮಾತು ಕೇಳಿರಲಿಲ್ಲ. ದೇವರಿಗೆ ಬೇಕು ಅನ್ನುತ್ತಿದ್ದರು, ಮಕ್ಕಳಿಗೆ ಬೇಕು ಅನ್ನುತ್ತಿದ್ದರು. ಇಲ್ಲಿ ಎಪ್ಪತ್ತು ದಾಟಿದ ಹೆಂಗಸು ಕಂಬಕ್ಕೆ ಒರಗಿಕೊಂಡು, ನಾಚಿಕೆಯಿಲ್ಲದೆ, ಕೋಪವೂ ಇಲ್ಲದೆ ಅದನ್ನು ಹೇಳಿ ಮುಗಿಸಿದ್ದರು. ನನಗೆ ಅವರ ಮೇಲೆ ಎಂಥ ಹೆಮ್ಮೆ ಬಂತೆಂದರೆ ಮಗ್ಗದ ಆಸೆಯೇ ಒಂದು ಗಳಿಗೆ ಮರೆತುಹೋಯಿತು.

ಕರೆಂಟು ಬಂದು ಜನ ಕರಗಿದ ಮೇಲೆ ಯಜಮಾನರು ಪಂಚೆ ಎತ್ತಿಕಟ್ಟಿಕೊಂಡು ತಾಯಿಯ ಪಕ್ಕದಲ್ಲೇ ಕೂತರು. ಮಗ್ಗದ ಸದ್ದು ಶುರುವಾಗಿತ್ತು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು, ದನಿಯಿಲ್ಲದೆ ಬಹಳ ಹೊತ್ತು ಮಾತಾಡಿದರು. ನಾನು ಹೊಸ್ತಿಲಲ್ಲಿ ನಿಂತು ತುಟಿಗಳನ್ನೇ ನೋಡಿದೆ. ಒಂದಕ್ಷರವೂ ತಿಳಿಯಲಿಲ್ಲ. ಆಮೇಲೆ ಅತ್ತೆ ಎದ್ದು ಒಳಗೆ ಹೋಗಿ, ತಮ್ಮ ಕೋಣೆಯ ಬಾಗಿಲು ಪೂರ್ತಿ ತೆರೆದು, ಟ್ರಂಕನ್ನು ಎಳೆಯತೊಡಗಿದರು. ಮನೆಯಲ್ಲಿ ಅತಿ ದೊಡ್ಡ ಕೋಣೆ ಅದು, ಮಾವನವರ ಕಾಲದಿಂದ ಅವರದು.

"ಏನಂತೆ?" ಅಂತ ನಾನು ಯಜಮಾನರ ಕಿವಿಯಲ್ಲಿ ಕೂಗಿದೆ.

"ಮಗ್ಗ ಅವಳ ರೂಮಲ್ಲಿ ಹಾಕ್ಬೇಕಂತೆ. ಮೇಸ್ತ್ರಿಗೆ ಹೇಳಿ ಅದಕ್ಕೂ ಮಗ್ಗದ ಕೋಣೆಗೂ ಮಧ್ಯದ ಗೋಡೆ ಒಡಿಸ್ಬೇಕಂತೆ."

ನಾನು ಗಾಬರಿಯಾಗಿ ಅತ್ತೆಯ ಹತ್ತಿರ ಓಡಿದೆ. ಟ್ರಂಕು ಹಿಡಿದುಕೊಂಡೆ. "ಅಯ್ಯೋ, ಬೇಡ ಬಿಡಿ ಅತ್ತೆ! ನೀವೆಲ್ಲಿ ಮಲಗ್ತೀರಿ?"

ಅವರು ನನ್ನ ತುಟಿ ನೋಡಿ ಅರ್ಥಮಾಡಿಕೊಂಡರು. ನನಗೆ ಆ ವಿದ್ಯೆ ಬಾರದೆಂದು ಅವರಿಗೆ ಗೊತ್ತಿತ್ತು. ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು ಕಿವಿಗೆ ಬಾಯಿಟ್ಟು ಹೇಳಿದರು.

"ಮಲಗೋಕೆ ಎಲ್ಲಾದ್ರೂ ಆಗುತ್ತೆ ಕಣಮ್ಮ, ಕಣ್ಣು ಮುಚ್ಚಿದ್ರೆ ಎಲ್ಲಾ ಒಂದೇ. ಕಣ್ಣು ಬಿಟ್ಟಿರೋವಾಗ ನಾಲ್ಕು ಜನ ಕಾಣ್ಬೇಕು."

ಟ್ರಂಕಿನ ಇನ್ನೊಂದು ಕಡೆಯ ಹಿಡಿ ನಾನು ಹಿಡಿದೆ. ಇಬ್ಬರೂ ಸೇರಿ ಅದನ್ನು ನಡುಮನೆಗೆ ತಂದು, ನನ್ನ ಟ್ರಂಕಿನ ಪಕ್ಕದಲ್ಲಿ ಇಟ್ಟೆವು.